ಪೆಟ್ರೋಲಿನ ತರತಮವಿಚಾರ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿಗೆ ಸೇರಿದ ಗೌನಿಪಲ್ಲಿಯು ಹಳೆಯ ಮೈಸೂರು ಸೀಮೆಯ ಪೂರ್ವದ ಅಂಚಿನಲ್ಲಿರುವ ಊರು. ಅಲ್ಲಿಗೆ ಆಂಧ್ರದ ಗಡಿಯು ದೂರವಲ್ಲ. ಜನರ ಮಾತಿನಲ್ಲಿ ಕನ್ನಡವೂ ತೆಲುಗೂ ಬೆರೆತು ನಡೆಯುವುವು. ಮಾವು ಟೊಮೇಟೊಗಳ ವ್ಯಾಪಾರಕ್ಕಾಗಿ ಗಾಡಿಗಳು ಗಡಿಯ ಎರಡು ಕಡೆಗೂ ಓಡಾಡುವುವು. ಇಂತಹ ಪ್ರಾಂತದಲ್ಲಿ ಸಾಧಾರಣ ಸಂಸಾರವೊಂದು ಕಾರನ್ನಿಟ್ಟುಕೊಂಡರೆ ಪೆಟ್ರೋಲಿನ ಖರ್ಚು ತಿಂಗಳ ಲೆಕ್ಕದಲ್ಲಿ ಎದ್ದುಕಾಣುವ ಬಾಬಾಗುತ್ತದೆ. ಶ್ರೀನಿವಾಸಪುರದ ಕಡೆಗೋ ಚಿಂತಾಮಣಿಯ ಕಡೆಗೋ ಹೊರಟವನು ಹೆದ್ದಾರಿಯ ದೊಡ್ಡ ಬಂಕಿನಲ್ಲಿ ನಿಂತಾಗ ‘ಸಾದಾ ಹಾಕಲೋ, ಪವರ್ ಹಾಕಲೋ’ ಎಂಬ ಪ್ರಶ್ನೆ ಬರುವುದುಂಟು. ಎರಡನೆಯದಕ್ಕೆ ಲೀಟರಿಗೆ ಹಲವು ರೂಪಾಯಿ ಹೆಚ್ಚು. ಹೆಚ್ಚು ಬೆಲೆಯದು ಹೆಚ್ಚು ಒಳ್ಳೆಯದಾಗಿರಲೇಬೇಕೆಂಬ ನಂಬಿಕೆಯಿಂದ, ಕೈಯಲ್ಲಿ ಹಣವಿದ್ದ ದಿನ ಅದನ್ನು ಹಾಕಿಸುವವರು ಹಲವರು. ಈ ನಂಬಿಕೆಗೆ ಆಧಾರವೇನೆಂಬುದು ವಿಚಾರಮಾಡತಕ್ಕ ವಿಷಯ.

ಗೊಂದಲವು ಮೊದಲಾಗುವುದು ಹೆಸರುಗಳಲ್ಲಿಯೇ. ಪ್ರೀಮಿಯಂ ಎಂಬುದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಬಹುಮಾನವೆಂದು ಅರ್ಥ. ಅದು ಇಂಗ್ಲಿಷಿನಲ್ಲಿ ‘ಮೇಲೆ ಕೊಡುವ ಹಣ’ವಾಗಿ, ವಿಮೆಯ ಕಂತಿನ ಮೂಲಕ ಕನ್ನಡಿಗರಿಗೆ ಬಹುಕಾಲದಿಂದ ಪರಿಚಿತವಾಗಿದೆ. ಆ ಶಬ್ದವು ಹೇಳುವುದು ಬೆಲೆಯ ಮಾತನ್ನು, ವಸ್ತುವಿನ ಮಾತನ್ನಲ್ಲ. ‘ಪವರ್’ ಎಂಬುದಂತೂ ಒಂದು ಕಂಪೆನಿಯ ಮಾರಾಟದ ಹೆಸರು. ಬಳಕೆಯಲ್ಲಿ ಎಲ್ಲ ಕಂಪೆನಿಗಳ ದುಬಾರಿ ಪೆಟ್ರೋಲಿಗೂ ಅದೇ ಅಂಟಿಕೊಂಡು, ಅದರಲ್ಲಿ ಶಕ್ತಿ ಹೆಚ್ಚೆಂಬ ಭ್ರಾಂತಿಯನ್ನು ಹುಟ್ಟಿಸಿದೆ. ನಮ್ಮ ‘ಗುಣ’ಶಬ್ದವೂ ಇಲ್ಲಿ ಸಹಾಯಮಾಡುವುದಿಲ್ಲ. ವಸ್ತುವಿನ ಧರ್ಮಕ್ಕೂ ಗುಣವೆನ್ನುತ್ತೇವೆ, ಶ್ರೇಷ್ಠತೆಗೂ ಗುಣವೆನ್ನುತ್ತೇವೆ. ಆಕ್ಟೇನ್ ಅಂಕವು ಪೆಟ್ರೋಲಿನ ಒಂದು ಗುಣವೆಂದಾಗ ಮೊದಲನೆಯ ಅರ್ಥ ಮಾತ್ರ ಸಲ್ಲುತ್ತದೆ.

ಆ ಗುಣವಾದರೂ ಯಾವುದು? ಮೋಟಾರಿನ ಸಿಲಿಂಡರಿನಲ್ಲಿ ಗಾಳಿಯೊಡನೆ ಬೆರೆತ ಪೆಟ್ರೋಲಿನ ಆವಿಯನ್ನು ಪಿಸ್ಟನ್ನು ಒತ್ತುತ್ತದೆ. ಒತ್ತಿದಂತೆಲ್ಲ ಅದು ಬಿಸಿಯಾಗುವುದು. ತಕ್ಕ ಸಮಯಕ್ಕೆ ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಹಾರಿ, ಉರಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡಿದರೆ ಪಿಸ್ಟನ್ನಿಗೆ ಸಮವಾದ ನೂಕು ಸಿಕ್ಕುತ್ತದೆ. ಹಾಗಲ್ಲದೆ, ಉರಿ ಇನ್ನೂ ತಲಪದ ಮೂಲೆಯ ಆವಿಯು ಒತ್ತಡ ಮತ್ತು ಶಾಖಗಳನ್ನು ತಾಳಲಾರದೆ ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ಲೋಹದ ಮೇಲೆ ಸುತ್ತಿಗೆಯಿಂದ ಕುಟ್ಟಿದಂತೆ ಶಬ್ದವಾಗುವುದು. ಇದನ್ನು ಮೋಟಾರು ಕಸಬಿನವರು ನಾಕಿಂಗ್ ಎನ್ನುವರು. ಬಹಳ ಕಾಲ ನಡೆದರೆ ಇದರಿಂದ ಪಿಸ್ಟನ್ನಿಗೇ ಹಾನಿಯುಂಟು. ಹೀಗೆ ತಾನಾಗಿ ಹೊತ್ತಿಕೊಳ್ಳದೆ ತಾಳಿಕೊಂಡಿರುವ ಸಾಮರ್ಥ್ಯವನ್ನು ಅಳೆಯುವುದೇ ಆಕ್ಟೇನ್ ಅಂಕ. ಅದು ತಾಳ್ಮೆಯ ಅಳತೆ, ಬಲದ ಅಳತೆಯಲ್ಲ.

ಈ ಅಳತೆಯನ್ನು ೧೯೨೬ರ ಸುಮಾರಿಗೆ ಅಮೆರಿಕದ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞನು ಏರ್ಪಡಿಸಿದನು. ಸುಲಭವಾಗಿ ನಾಕಿಂಗಿಗೆ ಒಳಗಾಗುವ ಹೆಪ್ಟೇನಿಗೆ ಸೊನ್ನೆಯೆಂದೂ, ಚೆನ್ನಾಗಿ ತಾಳುವ ಐಸೋ-ಆಕ್ಟೇನಿಗೆ ನೂರೆಂದೂ ಅಂಕಗಳನ್ನಿಟ್ಟನು. ೯೧ರ ಪೆಟ್ರೋಲೆಂದರೆ, ನೂರಕ್ಕೆ ೯೧ ಪಾಲು ಐಸೋ-ಆಕ್ಟೇನೂ ೯ ಪಾಲು ಹೆಪ್ಟೇನೂ ಬೆರೆತ ದ್ರವವು ಎಷ್ಟು ತಾಳುವುದೋ ಅಷ್ಟು ತಾಳುವಂತಹುದು. ಅಮೆರಿಕದಲ್ಲಿ ನೆಲಸಿರುವ ಬಂಧುಗಳು ಅಲ್ಲಿ ೮೭ರ ಪೆಟ್ರೋಲೇ ಸಾಕಾಗಿದೆಯೆಂದು ಹೇಳುವುದನ್ನು ಕೇಳಿ ಇಲ್ಲಿಯ ೯೧ ಮೇಲೆಂದು ತಿಳಿಯಬಾರದು. ಅಲ್ಲಿ ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ, ಇಲ್ಲಿ ಒಂದರ ಅಂಕವನ್ನು ಮಾತ್ರ. ಎರಡೂ ಹೆಚ್ಚುಕಡಮೆ ಒಂದೇ.

ತಾಳ್ಮೆಯನ್ನು ಹೆಚ್ಚಿಸುವ ಉಪಾಯಗಳ ಚರಿತ್ರೆಯು ಅಷ್ಟು ಶುಭವಾದುದಲ್ಲ. ೧೯೨೧ರ ಡಿಸೆಂಬರಿನಲ್ಲಿ ತಾಮಸ್ ಮಿಜ್ಲಿ ಎಂಬಾತನು ಸೀಸದ ಒಂದು ಸಂಯುಕ್ತವನ್ನು ಸ್ವಲ್ಪವೇ ಬೆರಸಿದರೆ ನಾಕಿಂಗ್ ನಿಲ್ಲುವುದೆಂದು ಕಂಡುಹಿಡಿದನು. ೧೯೨೩ರಲ್ಲಿ ಅದು ಮಾರಾಟಕ್ಕೆ ಬಂತು. ಇಟ್ಟ ಹೆಸರು ‘ಎಥಿಲ್’. ಸೀಸವೆಂಬ ಮಾತನ್ನು ಬಿಟ್ಟೇ ಹೆಸರಿಟ್ಟರು. ಮರುವರ್ಷವೇ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ ಐವರು ಕೆಲಸಗಾರರು ವಿಷವೇರಿ ಸತ್ತರು. ಆದರೂ ಜಗತ್ತಿನ ಮೋಟಾರುಗಳೆಲ್ಲ ಹಲವು ದಶಕ ಸೀಸದ ಹೊಗೆಯನ್ನೇ ಉಗುಳಿದುವು. ಭಾರತದಲ್ಲಿ ಸೀಸದ ಪೆಟ್ರೋಲು ೨೦೦೦ದ ಫೆಬ್ರವರಿಯಲ್ಲಿ ನಿಂತಿತು. ಆಲ್ಜೀರಿಯದಲ್ಲಿ ೨೦೨೧ರಲ್ಲಿ ನಿಂತ ಮೇಲೆ ರಸ್ತೆಯ ಗಾಡಿಗಳಿಗೆ ಅದನ್ನು ಮಾರುವ ದೇಶವೇ ಉಳಿಯಲಿಲ್ಲ.

ಈಗ ಅದೇ ಕೆಲಸಕ್ಕೆ ಒದಗಿರುವುದು ಮದ್ಯಸಾರ, ಎಂದರೆ ಎಥನಾಲ್. ಇದು ಮೈಸೂರಿನವರಿಗೆ ತೀರ ಹೊಸ ಮಾತಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಯು ೧೯೩೩ರಲ್ಲಿ ಏರ್ಪಟ್ಟಿತು. ಕಬ್ಬಿನ ಕಾಕಂಬಿಯಿಂದ ಮದ್ಯಸಾರವನ್ನು ಇಳಿಸುವುದು ಇಂತಹ ಕಾರ್ಖಾನೆಗಳಿಗೆ ಸಹಜವಾದ ಉಪಕಸಬು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದೊರೆಯದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಗಳನ್ನು ಕಟ್ಟಿ ಓಡಿಸಿದ ಕಾಲವೂ ಉಂಟು. ೧೯೪೮ರಲ್ಲಿ ಮೋಟಾರಿನ ಮದ್ಯಸಾರಕ್ಕಾಗಿಯೇ ಕೇಂದ್ರದಲ್ಲಿ ಒಂದು ಶಾಸನವಾಯಿತು. ಅದು ೨೦೦೦ದಲ್ಲಿ ರದ್ದಾದರೂ ಅದರ ಉದ್ದೇಶವು ಬೇರೆ ರೂಪದಲ್ಲಿ ಮರಳಿತು: ೨೦೨೫ರ ಹೊತ್ತಿಗೆ ದೇಶದ ಸಾದಾ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಸೇರಿದೆ.

ಪ್ರಕೃತ ಪ್ರಶ್ನೆಯು ಬಹುಮಟ್ಟಿಗೆ ಇಲ್ಲಿ ತೀರ್ಮಾನವಾಗುತ್ತದೆ. ಪೆಟ್ರೋಲಿಯಂ ಮಂತ್ರಿಶಾಖೆಯು ೨೦೨೫ರ ಆಗಸ್ಟಿನಲ್ಲಿ ಪ್ರಕಟಿಸಿದ ವಿವರಣೆಯಂತೆ ಎಥನಾಲಿನ ಆಕ್ಟೇನ್ ಅಂಕ ಸುಮಾರು ೧೦೮.೫, ಬರಿಯ ಪೆಟ್ರೋಲಿನದು ೮೪.೪. ಹಿಂದೆ ೮೮, ಆಮೇಲೆ ೯೧ ಇದ್ದ ಸಾದಾ ಪೆಟ್ರೋಲಿನ ಅಂಕವು ಈ ಮಿಶ್ರಣದಿಂದ ೯೫ರ ಸುಮಾರಿಗೆ ಏರಿತು. ಆದರೆ ಒಂದು ಲೀಟರು ಎಥನಾಲಿನಲ್ಲಿರುವ ಶಾಖವು ಒಂದು ಲೀಟರು ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲಿನಷ್ಟು ಕಡಮೆ. ಆದುದರಿಂದ ಹಳೆಯ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ನೂರಕ್ಕೆ ಆರೇಳರಷ್ಟು ಇಳಿಯಬಹುದೆಂದು ನೀತಿ ಆಯೋಗದ ೨೦೨೧ರ ವರದಿಯೇ ಹೇಳಿತ್ತು. ಒಂದೇ ದ್ರವದಲ್ಲಿ ಆಕ್ಟೇನು ಏರಿತು, ಶಕ್ತಿ ಇಳಿಯಿತು! ಅಂಕವೇ ಶಕ್ತಿಯೆಂದು ನಂಬಿದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ. ಮತ್ತು ‘೯೫’ ಎಂದು ಬರೆದ ಪ್ರೀಮಿಯಂ ಪೆಟ್ರೋಲಿಗೂ ಸಾದಾ ಪೆಟ್ರೋಲಿಗೂ ಅಂಕದಲ್ಲಿ ಹಿಂದಿದ್ದ ಅಂತರವು ಈಗ ಬಹುಮಟ್ಟಿಗೆ ಕರಗಿದೆ. ಮಿಕ್ಕಿರುವುದು ಮುಖ್ಯವಾಗಿ ಎಂಜಿನ್ನಿನ ಒಳಗನ್ನು ಶುಚಿಯಾಗಿಡಲು ಬೆರಸುವ ದ್ರವ್ಯಗಳ ವ್ಯತ್ಯಾಸ. ಅದು ನಿಷ್ಪ್ರಯೋಜಕವೆಂದಲ್ಲ; ಕೊಡುವ ಬೆಲೆಗೆ ತಕ್ಕದ್ದೇ ಎಂಬುದು ಸಂದೇಹ.

ಲೆಕ್ಕಹಾಕಿ ನೋಡಬಹುದು. ೨೦೨೪ರ ಜೂನಿನಲ್ಲಿ ರಾಜ್ಯದ ತೆರಿಗೆ ಏರಿದಾಗ ಬೆಂಗಳೂರಿನಲ್ಲಿ ಸಾದಾ ಪೆಟ್ರೋಲಿಗೆ ೧೦೨ ರೂಪಾಯಿ ೮೬ ಪೈಸೆಯಾಯಿತು. ಪ್ರೀಮಿಯಂಗೆ ಅದಕ್ಕಿಂತ ಎಂಟು ರೂಪಾಯಿ ಹೆಚ್ಚೆಂದಿಟ್ಟುಕೊಂಡರೆ, ನಷ್ಟವಾಗದಿರಬೇಕಾದರೆ ಮೈಲೇಜು ನೂರಕ್ಕೆ ಎಂಟರಷ್ಟಾದರೂ ಏರಬೇಕು. ಸಾಧಾರಣ ಕಾರಿನಲ್ಲಿ ಅಷ್ಟು ಏರುವುದಿಲ್ಲ. ತಿಂಗಳಿಗೆ ನಾಲ್ವತ್ತು ಲೀಟರು ಸುಡುವ ಮನೆಗೆ ವರ್ಷಕ್ಕೆ ೩,೮೪೦ ರೂಪಾಯಿ ಹೆಚ್ಚಿನ ಖರ್ಚು. ಅಮೆರಿಕದ ಮೋಟಾರು ಸಂಘವು ೨೦೧೬ರಲ್ಲಿ ಪರೀಕ್ಷೆಮಾಡಿ, ಅಗತ್ಯವಿಲ್ಲದ ಕಾರುಗಳಿಗೆ ಪ್ರೀಮಿಯಂ ಹಾಕಿಸಿ ಅಲ್ಲಿಯ ಜನರು ಒಂದು ವರ್ಷದಲ್ಲಿ ಇನ್ನೂರು ಕೋಟಿ ಡಾಲರಿಗಿಂತ ಹೆಚ್ಚು ವ್ಯರ್ಥಮಾಡಿದರೆಂದು ಎಣಿಸಿತು.

ಕೋಲಾರದ ಸೀಮೆಗೆ ವಿಶೇಷವಾದ ಒಂದು ಅಂಶವುಂಟು. ಈ ಪ್ರಸ್ಥಭೂಮಿಯು ಕಡಲಿನ ಮಟ್ಟಕ್ಕಿಂತ ಸುಮಾರು ೮೦೦ ಮೀಟರು ಮೇಲಿದೆ. ಇಲ್ಲಿ ಗಾಳಿಯ ಒತ್ತಡವು ಕರಾವಳಿಗಿಂತ ನೂರಕ್ಕೆ ಒಂಬತ್ತರಷ್ಟು ಕಡಮೆ. ಸಿಲಿಂಡರಿಗೆ ಬರುವ ಗಾಳಿಯೇ ತೆಳುವಾದುದರಿಂದ ಒಳಗಿನ ಒತ್ತಡವೂ ಅಷ್ಟೇ ತಗ್ಗಿ, ನಾಕಿಂಗಿನ ಭಯವು ಕಡಮೆಯಾಗುತ್ತದೆ. ಅಮೆರಿಕದ ಬೆಟ್ಟದ ಸೀಮೆಗಳಲ್ಲಿ ಈ ಕಾರಣದಿಂದಲೇ ೮೭ಕ್ಕೆ ಬದಲಾಗಿ ೮೫ರ ಪೆಟ್ರೋಲನ್ನು ಮಾರುವ ರೂಢಿ ಬಂದಿತು. ಚೆನ್ನೈಯಲ್ಲಿ ಅಗತ್ಯವಿಲ್ಲದ ಪ್ರೀಮಿಯಂ ಗೌನಿಪಲ್ಲಿಯಲ್ಲಿ ಇನ್ನೂ ಅಗತ್ಯವಿಲ್ಲ.

ಹಾಗಾದರೆ ಅದು ಬೇಕಾದದ್ದು ಯಾರಿಗೆ? ಹೆಚ್ಚು ಒತ್ತುವ ಎಂಜಿನ್ನುಗಳಿಗೆ, ಅದರಲ್ಲೂ ಟರ್ಬೊ ಜೋಡಿಸಿದ ಕೆಲವು ಕಾರುಗಳಿಗೆ. ತಯಾರಿಸಿದವರು ಕೊಟ್ಟ ಕೈಪಿಡಿಯಲ್ಲಿ ಮತ್ತು ಸಾಮಾನ್ಯವಾಗಿ ಟ್ಯಾಂಕಿನ ಮುಚ್ಚಳದ ಒಳಗೆ ಅದು ಬರೆದಿರುತ್ತದೆ. ‘೯೫ ಅಥವಾ ಮೇಲ್ಪಟ್ಟು’ ಎಂದು ವಿಧಿಸಿದ್ದರೆ ಆ ಮಾತನ್ನು ಮೀರಬಾರದು. ೨೦೨೦ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ನೂರರ ಅಂಕದ ಪೆಟ್ರೋಲನ್ನು ದೆಹಲಿಯಲ್ಲಿ ಲೀಟರಿಗೆ ೧೬೦ ರೂಪಾಯಿಯಂತೆ, ಸಾದಾ ಪೆಟ್ರೋಲಿನ ಸುಮಾರು ಎರಡರಷ್ಟು ಬೆಲೆಗೆ, ಹೊರತಂದದ್ದು ಇಂತಹ ಭಾರಿ ಯಂತ್ರಗಳಿಗಾಗಿ. ಅದನ್ನು ಹಳೆಯ ಚಿಕ್ಕ ಕಾರಿಗೆ ಹಾಕಿದರೆ ಕೆಡುಕೂ ಇಲ್ಲ, ಲಾಭವೂ ಇಲ್ಲ. ಆಲಂಕಾರಿಕರು ಔಚಿತ್ಯವೆಂದು ಕರೆಯುವ ತತ್ತ್ವವು ಯಂತ್ರಶಾಸ್ತ್ರದಲ್ಲಿಯೂ ಇದೆ. ನಡುವಿನ ಡಾಬು ಎಷ್ಟೇ ಬೆಲೆಯುಳ್ಳದ್ದಾದರೂ ಕೊರಳಿಗೆ ಒಡವೆಯಾಗದು.

ನಾಕಿಂಗ್ ಕೇಳಿಬಂದರೆ ಪ್ರೀಮಿಯಂಗೆ ಓಡುವ ಮೊದಲು ಬೇರೆ ಕಾರಣಗಳನ್ನು ನೋಡಬೇಕು. ಹೊರೆ ತುಂಬಿದ ಕಾರನ್ನು ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಎಳೆಸುವುದು ಒಂದು. ಗೇರನ್ನು ಇಳಿಸಿದರೆ ಅದು ನಿಲ್ಲುವುದು. ಕಲಬೆರಕೆ ಮತ್ತೊಂದು. ಸೀಮೆಎಣ್ಣೆಯ ಆಕ್ಟೇನ್ ಅಂಕ ಬಹಳ ಕಡಮೆಯಾದುದರಿಂದ ಅದು ಬೆರೆತ ಪೆಟ್ರೋಲು ಬೇಗ ಕುಟ್ಟುತ್ತದೆ. ಫಿಲ್ಟರ್ ಕಾಗದದ ಪರೀಕ್ಷೆಯನ್ನೂ ಐದು ಲೀಟರಿನ ಅಳತೆಯನ್ನೂ ಬಂಕಿನಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬ ಗಿರಾಕಿಗೂ ಇದೆ. ಕಾಗದದ ಮೇಲೆ ಬಿಟ್ಟ ಹನಿಯು ಆರಿದ ಮೇಲೆ ಕಲೆ ಉಳಿದರೆ ಸಂಶಯಪಡಬೇಕು.

೨೦೨೩ಕ್ಕೆ ಹಿಂದಿನ ಕಾರುಗಳ ಒಡೆಯರಲ್ಲಿ ಕೆಲವರು ಎಥನಾಲಿನ ಅಂಜಿಕೆಯಿಂದ ೯೫ರ ಪ್ರೀಮಿಯಂ ಹಾಕಿಸುವುದುಂಟು. ಇದು ಕೇವಲ ತಪ್ಪು ತಿಳಿವಳಿಕೆ. ಅದರಲ್ಲಿಯೂ ಎಥನಾಲು ಬೆರೆತೇ ಇರುತ್ತದೆ. ಅಂತಹ ಕಾರಿಗೆ ಬೇಕಾದುದು ಹಳೆಯ ರಬ್ಬರಿನ ಕೊಳವೆಗಳನ್ನೂ ಬಿರಡೆಗಳನ್ನೂ ಪರೀಕ್ಷಿಸಿ ಬದಲಾಯಿಸುವುದು, ಮತ್ತು ಎಥನಾಲು ನೀರನ್ನು ಹೀರುವುದರಿಂದ ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಿಸದಿರುವುದು. ಒಂದು ವರ್ಷ ಪ್ರೀಮಿಯಂಗೆ ಕೊಡುವ ಹಣದಲ್ಲಿ ಆ ಕೊಳವೆಗಳ ಕೆಲಸದ ದೊಡ್ಡ ಪಾಲು ಸಾಗೀತು.