ತಾತನಿಗೆ ‘ಕೇಳಿಸಿದ’ ಮಿಸ್ಟರ್ ಬೀನ್

ಕಳೆದ ತಿಂಗಳು ತಾತನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಎಲ್ಲವೂ ಮಂಜು ಮಂಜು. ‘ಎರಡು ದಿನ ಟಿ.ವಿ, ಪೇಪರ್ ಬೇಡ’ ಎಂದಿದ್ದರು ಡಾಕ್ಟರ್. ಅಪ್ಪ, ಅಮ್ಮ ಮದುವೆಗೆಂದು ಹೊರಟಿದ್ದರಿಂದ ಆ ಶನಿವಾರ, ಭಾನುವಾರ ತಾತನ ಜೊತೆ ನಾನೊಬ್ಬನೇ. ನನಗೂ ಅದೇ ಬೇಕಿತ್ತು. ಬಿ.ಇ ಮೂರನೇ ಸೆಮಿಸ್ಟರ್‌ ಗಣಿತದಲ್ಲಿ ಫೇಲಾಗಿದ್ದೆ. ರಿಸಲ್ಟ್ ಬಂದು ವಾರವಾದರೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ತಾತ ಅಪ್ಪಟ ಮೈಸೂರಿನವರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಆರಂಭಿಸಿದ್ದನ್ನು ತಮ್ಮದೇ ಸಾಧನೆಯಂತೆ ಹೇಳುತ್ತಾರೆ. ಆಕಾಶವಾಣಿಯ ‘ಈರಣ್ಣ’ ಎಂದೇ ಹೆಸರಾದ ಎ.ಎಸ್. ಮೂರ್ತಿ ಅವರ ಮಾತು ಕೇಳಿ ನಕ್ಕವರು. ಹಾಗಾಗಿ ಶನಿವಾರ ಮೊಬೈಲ್‌ನಲ್ಲಿ ಕೈಲಾಸಂ ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ ನಾಟಕದ ಆಡಿಯೊ ಹಾಕಿದೆ. ಬಡಾಯಿ ವಕೀಲ ಅಹೋಬ್ಲು ಗಂಟಲು ಸರಿಮಾಡಿಕೊಂಡರೆ ಸಾಕು, ಮಾತು ಬರುವ ಮೊದಲೇ ತಾತನ ನಗು ಶುರು. ನಾನು ನಗುವಾಗ ಒಂದು ಕ್ಷಣ ತಡ.

‘ನೋಡೀ ನೋಡೀ ನಿಮ್ಮ ಕಿವಿ ಸೋಮಾರಿಯಾಗಿದೆ ಕಣೋ’ ಎಂದರು.

ಭಾನುವಾರ ನನ್ನ ಆಯ್ಕೆ. 1990ರಲ್ಲಿ ಶುರುವಾದ ಮಿಸ್ಟರ್ ಬೀನ್‌ನ ಮೊದಲ ಕಂತು ಹಾಕಿದೆ. ಹಾಕಿದ ಮೇಲೆ ತಪ್ಪು ಗೊತ್ತಾಯಿತು. ರೋವನ್ ಅಟ್ಕಿನ್ಸನ್ ಅಲ್ಲಿ ಮಾತಾಡುವುದೇ ಅಪರೂಪ, ಎಲ್ಲಾ ಮುಖದಲ್ಲೇ. ಪ್ರೇಕ್ಷಕರ ನಗು ಮಾತ್ರ ಕೇಳುತ್ತಿದ್ದ ತಾತ, ‘ಏನಾಯ್ತೋ? ಯಾಕೆ ನಗ್ತಿದಾರೆ?’ ಎಂದು ಕೇಳತೊಡಗಿದರು. ಕ್ರಿಕೆಟ್ ಕಾಮೆಂಟರಿಯಂತೆ ಹೇಳುತ್ತಾ ಹೋದೆ.

‘ಪರೀಕ್ಷಾ ಹಾಲ್, ತಾತ. ಗಣಿತದ ಪರೀಕ್ಷೆ. ಬೀನ್ ಓದಿಕೊಂಡು ಬಂದಿರೋದು ಟ್ರಿಗ್ನಾಮೆಟ್ರಿ. ಕವರ್‌ನಿಂದ ತೆಗೆದ ಪ್ರಶ್ನೆಪತ್ರಿಕೆ ಕ್ಯಾಲ್ಕುಲಸ್‌ದು. ಒಂದೂ ಬರಲ್ಲ. ಪಕ್ಕದವನ ಉತ್ತರ ಇಣುಕಿ ನೋಡ್ತಿದಾನೆ...’

ಅಲ್ಲಿಗೆ ನನ್ನ ದನಿ ನಿಂತಿತು. ಖಾಲಿ ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ಫ್ಯಾನ್ ನೋಡುತ್ತಾ ಕೂತಿದ್ದ ನನ್ನದೇ ಮೂರು ಗಂಟೆ ನೆನಪಾಯಿತು. ಆ ಕಡೆ ಪ್ರೇಕ್ಷಕರು ನಗುತ್ತಲೇ ಇದ್ದರು.

‘ಆಮೇಲೆ?’ ಎಂದರು ತಾತ.

‘ಕೊನೆಗೆ ಗೊತ್ತಾಗುತ್ತೆ ತಾತ, ಕವರ್‌ನಲ್ಲಿ ಇನ್ನೊಂದು ಪ್ರಶ್ನೆಪತ್ರಿಕೆ ಇತ್ತು. ಟ್ರಿಗ್ನಾಮೆಟ್ರಿದು. ಅವನು ನೋಡೇ ಇರಲಿಲ್ಲ.’

ತಾತ ಗಹಗಹಿಸಿ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು: ‘ನಿನ್ನ ಗಣಿತ ಏನಾಯ್ತೋ?’

ಅವರ ಕಣ್ಣಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಹಾಗಾಗಿಯೋ ಏನೋ, ಹೇಳುವುದು ಸುಲಭವಾಯಿತು. ಎಲ್ಲಾ ಹೇಳಿದೆ. ಬೈಯಲಿಲ್ಲ. ‘ಕವರ್‌ಗೆ ಇನ್ನೊಂದು ಸಲ ಕೈ ಹಾಕು. ಮತ್ತೆ ಬರೆಯೋಕೆ ಬಿಡ್ತಾರಲ್ಲ? ಮೊದಲು ನಿಮ್ಮಪ್ಪನಿಗೆ ಫೋನ್ ಮಾಡು’ ಎಂದರು.

ಸಂಜೆ ಫೋನ್ ಮಾಡಿದೆ. ಅಪ್ಪ ಬೈದರು, ಸ್ವಲ್ಪ ಜಾಸ್ತಿಯೇ. ಆದರೆ ಒಂದು ವಾರದಿಂದ ಬಾರದ ನಿದ್ದೆ ಅವತ್ತು ಬಂತು.

ಈಗ ತಾತನ ಕಣ್ಣು ನಿಚ್ಚಳ. ಮೊನ್ನೆ ಅದೇ ಕಂತನ್ನು ಕಣ್ಣಾರೆ ನೋಡಿ, ‘ನೀನು ಹೇಳಿದ್ದೇ ಚೆನ್ನಾಗಿತ್ತು’ ಎಂದರು. ನಾನೀಗ ದಿನಾ ಎರಡು ಗಂಟೆ ಗಣಿತ ಮಾಡುತ್ತಿದ್ದೇನೆ. ಮುಗಿದ ಮೇಲೆ ಅರ್ಧ ಗಂಟೆ ದೀಪ ಆರಿಸಿ, ತಾತನ ಜೊತೆ ಹಳೆಯ ರೇಡಿಯೊ ನಾಟಕ ಕೇಳುತ್ತೇನೆ. ಮೊದಲಿನಷ್ಟು ತಡವಾಗಿ ನಗುತ್ತಿಲ್ಲ.