ಎದೆಹಾಲು: ಬೆಲಾರುಸ್‌ನ 17,046 ಮಕ್ಕಳು ಹೇಳಿದ್ದೇನು?

ಆಗಸ್ಟ್ ಮೊದಲ ವಾರ ಬಂತು ಅಂದ್ರೆ ಆಸ್ಪತ್ರೆ, ಅಂಗನವಾಡಿಗಳಲ್ಲಿ ವಿಶ್ವ ಸ್ತನ್ಯಪಾನ ಸಪ್ತಾಹದ ಪೋಸ್ಟರ್‌ಗಳು ಕಾಣಿಸ್ತವೆ. ಅದರ ಹಿಂದೆಯೇ ಮನೆಯ ವಾಟ್ಸಾಪ್ ಗ್ರೂಪಿಗೆ ಫಾರ್ವರ್ಡ್‌ಗಳು ಬರ್ತವೆ: ಎದೆಹಾಲು ಕುಡಿದ ಮಗುವಿಗೆ ಬುದ್ಧಿ ಜಾಸ್ತಿ, ಬೊಜ್ಜು ಬರಲ್ಲ, ಅಸ್ತಮಾ ಬರಲ್ಲ, ಬಿಪಿ ಬರಲ್ಲ. ಇದರಲ್ಲಿ ಎಷ್ಟು ನಿಜ? ನಿಜ ಅಂತ ಯಾರು, ಹೇಗೆ ಅಳೆದರು?

ನಾವು ಡಾಕ್ಟರಾಗೋರಲ್ಲ, ಇಂಜಿನಿಯರಿಂಗ್ ಓದೋರು. ಆದರೂ ಎರಡು ಸಂಗತಿ ಜೊತೆಜೊತೆಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲ್ಲ ಅನ್ನೋದನ್ನ ಗಣಿತದ ಪೇಪರಿನಲ್ಲಿ ಬರೆದು ಪಾಸಾದವರು. ಅದೇ ಮಾತನ್ನು ಎದೆಹಾಲಿನ ವಿಷಯಕ್ಕೆ ಹಚ್ಚಿ ನೋಡೋಣ. ಈ ಪಟ್ಟಿಯಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಅಂತ ಗೊತ್ತಿಲ್ಲದೆ ಹೋದರೆ, ಹಾಲು ಸಾಲದೆ ಕಣ್ಣೀರು ಹಾಕ್ತಿರೋ ಬಾಣಂತಿಗೆ "ನಿನ್ನಿಂದಲೇ ಮಗು ಹಿಂದುಳಿಯುತ್ತೆ ನೋಡು" ಅಂತ ಚುಚ್ಚೋರು ಇದ್ದೇ ಇರ್ತಾರೆ. ಆ ಗಲಾಟೆಯಲ್ಲಿ ಮಗುವಿನ ಪ್ರಾಣಕ್ಕೆ ಸಂಬಂಧಪಟ್ಟ ಮಾತು ಮರೆತೇ ಹೋಗುತ್ತೆ.

ತೊಡಕು ಎಲ್ಲಿದೆ ಅಂದ್ರೆ, ಹೆಚ್ಚು ಕಾಲ ಹಾಲು ಕುಡಿಸುವ ತಾಯಂದಿರೂ ಕುಡಿಸದವರೂ ಉಳಿದ ವಿಷಯಗಳಲ್ಲಿ ಒಂದೇ ತರ ಇರೋದಿಲ್ಲ. ಇಂಗ್ಲೆಂಡ್, ಅಮೆರಿಕದಂಥ ಕಡೆ ಹೆಚ್ಚು ಓದಿದ, ಅನುಕೂಲಸ್ಥ, ಸಿಗರೇಟು ಸೇದದ ತಾಯಂದಿರೇ ಹೆಚ್ಚು ತಿಂಗಳು ಕುಡಿಸ್ತಾರೆ. ಅವರ ಮಕ್ಕಳು ಮುಂದೆ ಒಳ್ಳೇ ಅಂಕ ತೆಗೆದರೆ ಅದು ಹಾಲಿನ ಗುಣವೋ, ಮನೆಯಲ್ಲಿದ್ದ ಪುಸ್ತಕದ ಕಪಾಟಿನ ಗುಣವೋ? ಇದಕ್ಕೆ ಉಲ್ಟಾ ತೊಡಕೂ ಒಂದಿದೆ. ಮಗು ಹುಟ್ಟಿನಿಂದಲೇ ನಿತ್ರಾಣವಾಗಿದ್ದರೆ ಸರಿಯಾಗಿ ಚೀಪೋದಿಲ್ಲ, ಹಾಲು ಬೇಗ ನಿಲ್ಲುತ್ತೆ. ಆಮೇಲೆ ಲೆಕ್ಕ ಹಾಕೋರಿಗೆ ಹಾಲು ಬಿಟ್ಟ ಮಕ್ಕಳಲ್ಲೇ ಕಾಯಿಲೆ ಹೆಚ್ಚು ಅಂತ ಕಾಣುತ್ತೆ. ಅಸಲಿಗೆ ಅಲ್ಲಿ ಕಾಯಿಲೆಯಿಂದ ಹಾಲು ನಿಂತಿರುತ್ತೆ.

ಇದನ್ನು ಬಿಡಿಸೋಕೆ ಮಾಡಿದ ಒಂದು ಜಾಣ ಹೋಲಿಕೆ 2011ರಲ್ಲಿ ಪ್ರಕಟವಾಯ್ತು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ಮಕ್ಕಳನ್ನೂ ಬ್ರೆಜಿಲ್‌ನ ಪೆಲೋಟಸ್ ಊರಿನ ಮಕ್ಕಳನ್ನೂ ಎದುರುಬದುರು ಇಟ್ಟು ನೋಡಿದರು. ಬ್ರಿಸ್ಟಲ್ ಕಡೆ ಅನುಕೂಲಸ್ಥರೇ ಹೆಚ್ಚು ಕುಡಿಸೋದು; ಪೆಲೋಟಸ್‌ನಲ್ಲಿ ಉಳ್ಳವರು, ಬಡವರು ಅನ್ನೋ ವ್ಯತ್ಯಾಸ ಅಷ್ಟಾಗಿ ಇಲ್ಲ. ಲಾಭ ಹಾಲಿನದ್ದೇ ಆಗಿದ್ದರೆ ಎರಡೂ ಕಡೆ ಕಾಣಬೇಕು ತಾನೆ? ತೂಕ ಮತ್ತು ರಕ್ತದೊತ್ತಡದ ಲಾಭ ಬ್ರಿಸ್ಟಲ್‌ನಲ್ಲಿ ಮಾತ್ರ ಕಾಣಿಸಿತು, ಪೆಲೋಟಸ್‌ನಲ್ಲಿ ಮಾಯ. ಬುದ್ಧಿಯ ಅಂಕದ ಲಾಭ ಮಾತ್ರ ಎರಡೂ ಕಡೆ ಉಳಿಯಿತು. ಅಂದರೆ ಫಾರ್ವರ್ಡಿನ ಪಟ್ಟಿಯ ಒಂದಷ್ಟು ಸಾಲುಗಳು ಹಾಲಿನದ್ದಲ್ಲ, ಮನೆತನದ ಅನುಕೂಲದ್ದು ಅನ್ನೋ ಅನುಮಾನ ಬಲವಾಯ್ತು.

ಅನುಮಾನ ಪೂರ್ತಿ ತೀರಬೇಕಾದರೆ ಪ್ರಯೋಗವೇ ಆಗಬೇಕು. ನಾಣ್ಯ ಚಿಮ್ಮಿ ಅರ್ಧ ಮಕ್ಕಳಿಗೆ ಎದೆಹಾಲು, ಅರ್ಧಕ್ಕೆ ಡಬ್ಬಿ ಹಾಲು ಅಂತ ಹಂಚಬೇಕು. ಹಾಗೆ ಮಾಡೋಕಾಗಲ್ಲ, ಮಾಡಲೂಬಾರದು, ಯಾವ ತಾಯಿಯೂ ಒಪ್ಪಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕಲ್ ಕ್ರೇಮರ್ ಮತ್ತು ಸಂಗಡಿಗರು ಇದಕ್ಕೊಂದು ಅಡ್ಡದಾರಿ ಹುಡುಕಿದರು. ಹಾಲನ್ನು ಹಂಚೋದು ಬೇಡ, ಹಾಲು ಕುಡಿಸೋಕೆ ಸಿಗುವ ನೆರವನ್ನು ಹಂಚೋಣ ಅಂದರು. ಅದಕ್ಕೆ ಆರಿಸಿಕೊಂಡ ದೇಶ ಬೆಲಾರುಸ್.

ಬೆಲಾರುಸ್ ಯಾಕೆ? 1990ರ ದಶಕದಲ್ಲಿ ಅಲ್ಲಿನ ಹೆರಿಗೆ ಆಸ್ಪತ್ರೆಗಳಲ್ಲಿ ಇನ್ನೂ ಸೋವಿಯತ್ ಕಾಲದ ಪದ್ಧತಿ ನಡೀತಿತ್ತು. ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಬೇರೆ ಕೋಣೆಯಲ್ಲಿ ಮಲಗಿಸೋದು, ಗಡಿಯಾರ ನೋಡಿ ಇಂತಿಷ್ಟು ಗಂಟೆಗೊಮ್ಮೆ ತಾಯಿಯ ಹತ್ತಿರ ತರೋದು. ಹೀಗಾಗಿ ಸುಧಾರಣೆಗೆ ಜಾಗ ಬೇಕಾದಷ್ಟಿತ್ತು. ಅದೇ ಹೊತ್ತಿಗೆ ಕುಡಿಯುವ ನೀರು ಶುದ್ಧ, ಚಿಕಿತ್ಸೆ ಉಚಿತ, ಪ್ರತಿ ಮಗುವಿನ ದಾಖಲೆ ಪಾಲಿಕ್ಲಿನಿಕ್‌ನಲ್ಲಿ ಇರ್ತಿತ್ತು. ತಾಯಂದಿರಿಗೆ ಮೂರು ವರ್ಷದವರೆಗೆ ರಜೆ. ಪ್ರಯೋಗ ಮಾಡೋರಿಗೆ ಇದಕ್ಕಿಂತ ಒಳ್ಳೇ ಲ್ಯಾಬ್ ಸಿಗೋದು ಕಷ್ಟ.

ಆಸ್ಪತ್ರೆ ಮತ್ತು ಅದಕ್ಕೆ ಸೇರಿದ ಪಾಲಿಕ್ಲಿನಿಕ್ ಎರಡೂ ಸೇರಿ ಒಂದು ಘಟಕ. ಇಂಥ 34 ಘಟಕಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎರಡು ಘಟಕ ತಾವಾಗೇ ಹಿಂದೆ ಸರಿದವು. ಇನ್ನೊಂದರಲ್ಲಿ ಸುಳ್ಳು ದಾಖಲೆ ಬರೆದದ್ದು ಗೊತ್ತಾಗಿ ಅದನ್ನೂ ಕೈಬಿಟ್ಟರು. (ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಹೊಂದಿಸೋರು ಎಲ್ಲ ದೇಶದಲ್ಲೂ ಇದ್ದಾರೆ!) ಉಳಿದದ್ದು 31. ಒಂದು ಗುಂಪಿನ ಮುಖ್ಯ ವೈದ್ಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ 18 ಗಂಟೆಗಳ ತರಬೇತಿ ಕೊಟ್ಟರು. ಮಗುವನ್ನು ತಾಯಿಯ ಪಕ್ಕದಲ್ಲೇ ಮಲಗಿಸಿ, ಅತ್ತಾಗೆಲ್ಲ ಕುಡಿಸಿ, ಮಗು ಎದೆಗೆ ಬಾಯಿ ಹಾಕೋದು ಸರಿಯಿದೆಯಾ ನೋಡಿ, ಅನ್ನೋದು ಅದರ ಸಾರ. ಇನ್ನೊಂದು ಗುಂಪಿನಲ್ಲಿ ಹಳೆ ಪದ್ಧತಿಯೇ ಮುಂದುವರಿಯಿತು. 1996ರ ಜೂನ್‌ನಿಂದ 1997ರ ಕೊನೆಯವರೆಗೆ 17,046 ತಾಯಿ-ಮಕ್ಕಳ ಜೋಡಿ ಸೇರಿದವು. ಎಲ್ಲ ಮಕ್ಕಳೂ ತಿಂಗಳು ತುಂಬಿ ಹುಟ್ಟಿದವು, ಆರೋಗ್ಯವಂತವು. ಎಲ್ಲ ತಾಯಂದಿರೂ ಹಾಲು ಕುಡಿಸೋಕೆ ಶುರು ಮಾಡಿದ್ದವರೇ. ಇದನ್ನು ನೆನಪಿಟ್ಟುಕೊಳ್ಳಿ: ಇಲ್ಲಿ ಹೋಲಿಕೆ ಹಾಲಿಗೂ ಡಬ್ಬಿಗೂ ಅಲ್ಲ, ಹೆಚ್ಚು ಹಾಲಿಗೂ ಕಡಿಮೆ ಹಾಲಿಗೂ.

ಬರೀ ಪಕ್ಕದಲ್ಲಿ ಮಲಗಿಸಿ ಅತ್ತಾಗ ಕುಡಿಸಿದರೆ ಅಷ್ಟು ವ್ಯತ್ಯಾಸ ಆಗುತ್ತಾ? ಆಗುತ್ತೆ, ಯಾಕಂದ್ರೆ ಎದೆಹಾಲು ಉತ್ಪಾದನೆ ಒಂದು ಅಚ್ಚುಕಟ್ಟಾದ ಫೀಡ್‌ಬ್ಯಾಕ್ ಲೂಪ್. ಮಗು ಚೀಪಿದಾಗ ತಾಯಿಯ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನು ಹೊರಡ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತೆ, ಆಕ್ಸಿಟೋಸಿನ್ ಹಾಲನ್ನು ಹೊರದೂಡುತ್ತೆ. ಇದರ ಮೇಲೆ ಸ್ಥಳೀಯ ನಿಯಂತ್ರಣವೂ ಒಂದಿದೆ: ಎದೆಯಲ್ಲಿ ಹಾಲು ಖಾಲಿಯಾಗದೆ ಉಳಿದರೆ ಅಲ್ಲಿನ ಜೀವಕೋಶಗಳು ತಯಾರಿಕೆ ಇಳಿಸ್ತವೆ. ಖಾಲಿಯಾದಷ್ಟೂ ತುಂಬುತ್ತೆ. ಈಗ "ಪಾಪ, ಹಾಲು ಸಾಲ್ತಿಲ್ಲ" ಅಂತ ಒಂದು ಬಾಟಲಿ ಮೇಲುಹಾಲು ಕೊಟ್ಟರೆ ಮಗುವಿನ ಹೊಟ್ಟೆ ತುಂಬಿ ಅದು ಚೀಪೋದು ಕಡಿಮೆಯಾಗುತ್ತೆ, ತಯಾರಿಕೆ ಇಳಿಯುತ್ತೆ, ನಾಳೆ ಇನ್ನೊಂದು ಬಾಟಲಿ ಬೇಕಾಗುತ್ತೆ. ಹಾಲು ಸಾಲಲ್ಲ ಅನ್ನೋ ದೂರುಗಳಲ್ಲಿ ಎಷ್ಟೋ ಹೀಗೆ ಹುಟ್ಟಿಕೊಂಡವು. ಮೂರು ಗಂಟೆಗೊಮ್ಮೆ ಮಾತ್ರ ಅನ್ನೋ ವೇಳಾಪಟ್ಟಿ ಮಾಡುವ ಕೆಲಸವೂ ಇದೇ.

ಫಲಿತಾಂಶ 2001ರಲ್ಲಿ ಬಂತು. ಮೂರು ತಿಂಗಳಾದಾಗ ಎದೆಹಾಲು ಬಿಟ್ಟು ಬೇರೇನೂ ಕುಡಿಯದ ಮಕ್ಕಳು ತರಬೇತಿಯ ಗುಂಪಿನಲ್ಲಿ ಶೇ. 43.3, ಇನ್ನೊಂದರಲ್ಲಿ ಬರೀ ಶೇ. 6.4. ಔಷಧಿ ಇಲ್ಲ, ಯಂತ್ರ ಇಲ್ಲ, ಸಿಬ್ಬಂದಿಗೆ ತರಬೇತಿ ಅಷ್ಟೇ. ಮೊದಲ ವರ್ಷದಲ್ಲಿ ಹೊಟ್ಟೆಯ ಸೋಂಕು, ಅಂದರೆ ವಾಂತಿಭೇದಿ, ಶೇ. 13.2ರಿಂದ 9.1ಕ್ಕೆ ಇಳಿಯಿತು. ಚರ್ಮದ ಎಕ್ಸಿಮಾ ಶೇ. 6.3ರಿಂದ 3.3ಕ್ಕೆ. ಉಸಿರಾಟದ ಸೋಂಕಿನಲ್ಲಿ ಮಾತ್ರ ಎರಡೂ ಗುಂಪು ಸರಿಸಮ, ಶೇ. 39ರ ಆಸುಪಾಸು.

ಶುದ್ಧ ನೀರು ಇರೋ ದೇಶದಲ್ಲೇ ವಾಂತಿಭೇದಿ ಇಷ್ಟು ಇಳಿಯಿತು. ನೀರು ಶುದ್ಧವಿಲ್ಲದ ಕಡೆ ಏನಾಗುತ್ತೆ ಅನ್ನೋದಕ್ಕೆ ಮತ್ತೆ ಬ್ರೆಜಿಲ್‌ಗೇ ಹೋಗಬೇಕು. ಸೀಸರ್ ವಿಕ್ಟೋರಾ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎದೆಹಾಲು ಸ್ವಲ್ಪವೂ ಸಿಗದೆ ಪುಡಿ ಹಾಲು ಅಥವಾ ಹಸುವಿನ ಹಾಲಿನಲ್ಲೇ ಬೆಳೆದ ಶಿಶುಗಳು ಭೇದಿಯಿಂದ ಸಾಯುವ ಅಪಾಯ, ಬರೀ ಎದೆಹಾಲು ಕುಡಿದವಕ್ಕಿಂತ 14.2 ಪಟ್ಟು. ಪುಸ್ತಕದ ಕಪಾಟು, ಮನೆತನ ಅಂತ ಎಷ್ಟು ಕಳೆದರೂ ಕರಗಿಹೋಗುವ ಅಂಕಿ ಇದಲ್ಲ.

ಹಾಲು ಇದನ್ನು ಹೇಗೆ ಮಾಡುತ್ತೆ ಅನ್ನೋದೂ ಸ್ವಾರಸ್ಯವಾಗಿದೆ. ತಾಯಿ ಮತ್ತು ಮಗು ಇರೋದು ಒಂದೇ ಮನೆ, ಅದೇ ಗಾಳಿ, ಅದೇ ನೀರು. ಆ ಮನೆಯ ರೋಗಾಣು ತಾಯಿಯ ಹೊಟ್ಟೆಗೂ ಹೋಗಿರುತ್ತೆ. ಅವಳ ಕರುಳಿನಲ್ಲಿ ಅದನ್ನು ಗುರುತಿಸಿದ ರೋಗನಿರೋಧಕ ಕೋಶಗಳು ರಕ್ತದ ಮೂಲಕ ಎದೆಗೆ ಬಂದು, ಅದೇ ರೋಗಾಣುವಿಗೆ ಹೊಂದುವ ಐಜಿಎ ಅನ್ನೋ ಪ್ರತಿಕಾಯವನ್ನು ಹಾಲಿಗೆ ಸೇರಿಸ್ತವೆ. ಆ ಮನೆಗೇ ಅಳತೆ ಕೊಟ್ಟು ಹೊಲಿಸಿದ ಅಂಗಿ ಇದ್ದ ಹಾಗೆ. ಇನ್ನೊಂದು ವಿಚಿತ್ರ: ಹಾಲಿನ ಘನ ಪದಾರ್ಥಗಳಲ್ಲಿ ಲ್ಯಾಕ್ಟೋಸ್, ಕೊಬ್ಬು ಬಿಟ್ಟರೆ ಮೂರನೇ ಸ್ಥಾನ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳದ್ದು. ಮಗುವಿಗೆ ಅವು ಜೀರ್ಣವೇ ಆಗಲ್ಲ! ತಾಯಿ ಇಷ್ಟು ಕಷ್ಟಪಟ್ಟು ತಯಾರಿಸಿದ್ದು ಯಾರಿಗೆ? ಮಗುವಿನ ಕರುಳಿನಲ್ಲಿರೋ ಬೈಫಿಡೊಬ್ಯಾಕ್ಟೀರಿಯಾಗಳಿಗೆ. ಅವು ಉಂಡು ಬೆಳೆದು ಕೆಟ್ಟ ರೋಗಾಣುಗಳಿಗೆ ಜಾಗ ಸಿಗದ ಹಾಗೆ ನೋಡಿಕೊಳ್ತವೆ.

ಐಜಿಎ ಅತಿ ಹೆಚ್ಚಿರೋದು ಹೆರಿಗೆಯಾದ ಮೊದಲ ಎರಡು ಮೂರು ದಿನದ ಹಳದಿ, ಮಂದ ಹಾಲಿನಲ್ಲಿ. ನಮ್ಮಲ್ಲಿ ಹಸು ಈದರೆ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನೆರೆಮನೆಗೂ ಹಂಚ್ತೀವಿ. ಅದೇ ಮನೆಗಳಲ್ಲಿ ಎಷ್ಟೋ ಕಡೆ ತಾಯಿಯ ಗಿಣ್ಣುಹಾಲನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿ, ಮಗುವಿನ ನಾಲಿಗೆಗೆ ಜೇನುತುಪ್ಪ ಸವರೋರಿದ್ದರು, ಈಗಲೂ ಇದ್ದಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಅದರಲ್ಲಿ ಬಾಟ್ಯುಲಿಸಂ ಅನ್ನೋ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ದೇಶದಲ್ಲಿ ಶೇ. 41.8 ಮಾತ್ರ. ಬೇಸಿಗೆಯಲ್ಲಿ ಮಗುವಿಗೆ ಬಾಯಾರಿಕೆ ಅಂತ ನೀರು ಕುಡಿಸೋದೂ ಇದೇ ಸಾಲಿಗೆ ಸೇರುತ್ತೆ. ಎದೆಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ. ರಾಯಚೂರಿನ ಮೇ ತಿಂಗಳಿಗೂ ಮೊದಲ ಆರು ತಿಂಗಳು ಅದೇ ಸಾಕು.

ಬೆಲಾರುಸ್‌ಗೆ ವಾಪಸ್ ಹೋಗೋಣ. ಆ ಮಕ್ಕಳನ್ನು ಅಲ್ಲಿಗೇ ಬಿಡಲಿಲ್ಲ. ಆರೂವರೆ ವರ್ಷವಾದಾಗ ಕರೆಸಿ ಮತ್ತೆ ಅಳೆದರು. ಬೊಜ್ಜು, ರಕ್ತದೊತ್ತಡ, ಅಸ್ತಮಾ: ಎರಡೂ ಗುಂಪಿಗೆ ವ್ಯತ್ಯಾಸ ಇಲ್ಲ. ಹನ್ನೊಂದೂವರೆ ವರ್ಷದಲ್ಲೂ ಬೊಜ್ಜು ಕಡಿಮೆಯಾಗಿರಲಿಲ್ಲ. ಆದರೆ ಆರೂವರೆ ವರ್ಷದಲ್ಲಿ ತರಬೇತಿ ಗುಂಪಿನ ಐಕ್ಯೂ ಸರಾಸರಿ 5.9 ಅಂಕ ಹೆಚ್ಚಿತ್ತು. ಫಾರ್ವರ್ಡ್‌ಗಳು ಈ ಅಂಕಿಯನ್ನು ಬಿಡದೆ ಹಿಡಿದವು. ಮುಂದಿನ ಕತೆ ಅವುಗಳಲ್ಲಿ ಇರಲ್ಲ. ಆ ಪರೀಕ್ಷೆ ನಡೆಸಿದ್ದು ಅವೇ ಪಾಲಿಕ್ಲಿನಿಕ್‌ಗಳ ವೈದ್ಯರು. ಯಾವ ಮಗು ಯಾವ ಗುಂಪಿನದ್ದು ಅಂತ ಅವರಿಗೆ ಗೊತ್ತಿತ್ತು. ಹದಿನಾರನೇ ವಯಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದಾಗ ಒಟ್ಟಾರೆ ಅಂಕದಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಭಾಷಾ ಸಾಮರ್ಥ್ಯದಲ್ಲಿ ಮಾತ್ರ 1.4 ಅಂಕದ ಸಣ್ಣ ಲಾಭ ಉಳಿದಿತ್ತು.

ಇನ್ನೊಂದು ಕಡೆಯ ವಾದವನ್ನೂ ಹೇಳದಿದ್ದರೆ ಅನ್ಯಾಯ. ತರಬೇತಿ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೂರು ತಿಂಗಳಿಗೇ ಬೇರೇನಾದರೂ ಕುಡೀತಿದ್ದವು. ಇನ್ನೊಂದು ಗುಂಪಿನಲ್ಲೂ ಎಲ್ಲ ಮಕ್ಕಳಿಗೆ ಸ್ವಲ್ಪವಾದರೂ ಎದೆಹಾಲು ಸಿಕ್ಕಿತ್ತು. ಗುಂಪಿಗೆ ಗುಂಪನ್ನೇ ಹೋಲಿಸುವಾಗ ಸಿಗ್ನಲ್ ತೆಳ್ಳಗಾಗುತ್ತೆ. ಮೇಲಾಗಿ ಮಕ್ಕಳು ಹದಿನೇಳು ಸಾವಿರ ಇದ್ದರೂ ಚೀಟಿ ಎತ್ತಿದ್ದು 31 ಘಟಕಗಳಿಗೆ. ಆದ್ದರಿಂದ ಸಣ್ಣ ಲಾಭ ಈ ಬಲೆಯಿಂದ ತಪ್ಪಿಸಿಕೊಂಡಿರಬಹುದು. ದೊಡ್ಡದು ತಪ್ಪಿಸಿಕೊಳ್ಳೋದು ಕಷ್ಟ. ಹಾಗಾಗಿ ನಮ್ಮ ಲೆಕ್ಕದಲ್ಲಿ ಮಗುವಿನ ಸಿಇಟಿ ರ‍್ಯಾಂಕನ್ನು ಎದೆಹಾಲಿಗೆ ಕಟ್ಟೋದು ಅತಿಯಾಯ್ತು. ಮಗುವಿನ ಭೇದಿಯನ್ನು ಅದಕ್ಕೆ ಕಟ್ಟೋದು ನೂರಕ್ಕೆ ನೂರು ಸರಿ.

ಇಷ್ಟೆಲ್ಲ ಮಾತಿನಲ್ಲಿ ತಾಯಿಯನ್ನೇ ಮರೆಯೋದು ಪೋಸ್ಟರ್‌ಗಳ ಅಭ್ಯಾಸ. ಹಾಲನ್ನು ಹೊರದೂಡುವ ಆಕ್ಸಿಟೋಸಿನ್ ಗರ್ಭಕೋಶವನ್ನೂ ಸಂಕುಚಿಸುತ್ತೆ. ಮೊದಲ ದಿನಗಳಲ್ಲಿ ಕುಡಿಸುವಾಗ ಕಿಬ್ಬೊಟ್ಟೆ ಹಿಂಡೋದು ಅದಕ್ಕೇ. ಇನ್ನು ಸ್ತನ ಕ್ಯಾನ್ಸರ್. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಹಾಕಿ, ಕ್ಯಾನ್ಸರ್ ಬಂದ 50,302 ಮಹಿಳೆಯರನ್ನೂ ಬಾರದ 96,973 ಮಹಿಳೆಯರನ್ನೂ ಹೋಲಿಸಿದರು. ಹಾಲು ಕುಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ. 4.3ರಷ್ಟು ಇಳಿಯುತ್ತೆ. ಇದು ಪ್ರಯೋಗ ಅಲ್ಲ, ಹೋಲಿಕೆಯೇ. ಆದರೆ ಬಡ ದೇಶ, ಶ್ರೀಮಂತ ದೇಶ ಎರಡರಲ್ಲೂ ಲೆಕ್ಕ ಒಂದೇ ತರ ಬಂದಿದ್ದರಿಂದ, ಬ್ರಿಸ್ಟಲ್-ಪೆಲೋಟಸ್ ಪರೀಕ್ಷೆಯನ್ನು ಇದು ಪಾಸು ಮಾಡಿದ ಹಾಗೆ.

ಬೆಲಾರುಸ್‌ನ ತಾಯಂದಿರಿಗೆ ಇದ್ದ ಮೂರು ವರ್ಷದ ರಜೆಯನ್ನು ಇಲ್ಲಿ ಮತ್ತೆ ನೆನೆಯಬೇಕು. ನಮ್ಮ ದೇಶದಲ್ಲಿ 2017ರ ತಿದ್ದುಪಡಿ ಆದಮೇಲೆ ಸಂಘಟಿತ ವಲಯದಲ್ಲಿ 26 ವಾರ ಸಂಬಳ ಸಹಿತ ರಜೆ ಇದೆ; ಐವತ್ತು ಅಥವಾ ಹೆಚ್ಚು ನೌಕರರಿರೋ ಕಡೆ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಆರು ತಿಂಗಳು ಬರೀ ಎದೆಹಾಲು ಅನ್ನೋ ಸಲಹೆಗೂ 26 ವಾರಕ್ಕೂ ಲೆಕ್ಕ ಸರಿಯಾಗಿ ಹೊಂದುತ್ತೆ. ಆದರೆ ಕಟ್ಟಡದ ಕೆಲಸಕ್ಕೋ, ಮನೆಗೆಲಸಕ್ಕೋ ಹೋಗುವ ತಾಯಿಗೆ ಈ ಕಾನೂನು ಮುಟ್ಟೋದಿಲ್ಲ. ಕೂಲಿ ತಪ್ಪಿದರೆ ಮನೆ ನಡೆಯಲ್ಲ ಅಂತ ಅವಳು ಎರಡೇ ತಿಂಗಳಿಗೆ ಕೆಲಸಕ್ಕೆ ಮರಳಿದಾಗ, ಅವಳ ಮಗುವಿಗೆ ಸಿಗೋದು ನಲ್ಲಿಯ ನೀರಲ್ಲಿ ಕಲಸಿದ ಪುಡಿ ಹಾಲು.