ಯಾವುದು ಭಯೋತ್ಪಾದನೆ, ಯಾವುದಲ್ಲ? ಪಾಲಾರ್‌ನಿಂದ ಮುಂಬೈವರೆಗೆ ಕಾನೂನಿನ ಹುಡುಕಾಟ

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಜನರ ಬಾಯಲ್ಲಿ ಓಡಾಡಿದ್ದು ಸೆಕ್ಷನ್ ನಂಬರುಗಳು. 420 ಹೋಗಿ 318 ಬಂತು, 302 ಹೋಗಿ 103 ಬಂತು ಎಂಬ ಮಾತೇ ಹೆಚ್ಚು. ಆ ಗಲಾಟೆಯಲ್ಲಿ ಇನ್ನೊಂದು ಬದಲಾವಣೆ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. 1862ರಿಂದ ಜಾರಿಯಲ್ಲಿದ್ದ ಹಳೆಯ ಐಪಿಸಿಯಲ್ಲಿ 'ಭಯೋತ್ಪಾದನೆ' ಎಂಬ ಹೆಸರಿನ ಅಪರಾಧವೇ ಇರಲಿಲ್ಲ. ಹೊಸ ಸಂಹಿತೆಯ 113ನೇ ಸೆಕ್ಷನ್‌ನಲ್ಲಿ ಅದು ಮೊದಲ ಬಾರಿಗೆ ಕಳ್ಳತನ, ಕೊಲೆ, ವಂಚನೆಗಳ ಸಾಲಿಗೆ ಬಂದು ಸೇರಿತು.

ಹಾಗಾದರೆ ಅಲ್ಲಿಯವರೆಗೆ ಏನಿತ್ತು? ವಿಶೇಷ ಕಾನೂನುಗಳಿದ್ದವು. ಮೊದಲು ಟಾಡಾ, ಆಮೇಲೆ ಪೋಟಾ, ಈಗಲೂ ಇರುವ ಯುಎಪಿಎ. ಇವುಗಳ ನಾಲ್ಕು ದಶಕಗಳ ಇತಿಹಾಸವನ್ನು ನೋಡಿದರೆ ಜಗಳವೆಲ್ಲ ಒಂದೇ ಪ್ರಶ್ನೆಯ ಸುತ್ತ ನಡೆದಿದೆ. ಯಾವ ಕೃತ್ಯವನ್ನು ಭಯೋತ್ಪಾದನೆ ಎನ್ನಬೇಕು? ವಿದ್ವಾಂಸರು ಕೂತು ಚರ್ಚಿಸುವ ಪ್ರಶ್ನೆಯಂತೆ ಇದು ಕಾಣಬಹುದು. ಆದರೆ ಇದಕ್ಕೆ ಕೊಡುವ ಉತ್ತರದ ಮೇಲೆ ಯಾರು ಜೈಲಿಗೆ ಹೋಗುತ್ತಾರೆ, ಎಷ್ಟು ವರ್ಷ ಅಲ್ಲಿರುತ್ತಾರೆ ಎಂಬುದು ನಿಂತಿದೆ.

ಪದದಲ್ಲೇ ಇರುವ ಸುಳಿವು

ಕನ್ನಡದ ಪದವೇ ಅರ್ಧ ಉತ್ತರ ಹೇಳುತ್ತದೆ. ಭಯದ ಉತ್ಪಾದನೆ. ಆಸ್ತಿಗಾಗಿ ದಾಯಾದಿಯನ್ನು ಕೊಂದವನಿಗೆ ಬೇಕಾಗಿದ್ದು ಆ ದಾಯಾದಿಯ ಸಾವು, ಅಲ್ಲಿಗೆ ಅವನ ಕೆಲಸ ಮುಗಿಯಿತು. ಲೋಕಲ್ ರೈಲಿನಲ್ಲಿ ಬಾಂಬ್ ಇಟ್ಟವನಿಗೆ ಆ ಬೋಗಿಯಲ್ಲಿ ಯಾರು ಕೂತಿದ್ದಾರೆ ಎಂಬುದೂ ಗೊತ್ತಿರುವುದಿಲ್ಲ. ಅವನ ಕಣ್ಣಿರುವುದು ಮರುದಿನ ರೈಲು ಹತ್ತಬೇಕಾದ ಲಕ್ಷಾಂತರ ಜನರ ಮೇಲೆ, ಅವರ ಮೂಲಕ ಸರ್ಕಾರದ ಮೇಲೆ.

1994ರಲ್ಲಿ ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಮಹಾರಾಷ್ಟ್ರದ ಆ ಪ್ರಕರಣದಲ್ಲಿ ಟಾಡಾ ಹಾಕಿದ್ದು ಸರಿಯೇ ಎಂಬ ಪ್ರಶ್ನೆ ಎದ್ದಿತ್ತು. ಭಯೋತ್ಪಾದಕ ಅಪರಾಧಿಯಾಗಿರಬಹುದು, ಆದರೆ ಪ್ರತಿಯೊಬ್ಬ ಅಪರಾಧಿಗೂ ಆ ಹಣೆಪಟ್ಟಿ ಹಚ್ಚಲಾಗದು ಎಂದು ಕೋರ್ಟ್ ಎಚ್ಚರಿಸಿತು. ಕೃತ್ಯದ ಪರಿಣಾಮ ಅದಕ್ಕೆ ಬಲಿಯಾದ ವ್ಯಕ್ತಿಯನ್ನು ದಾಟಿ ಸಮಾಜಕ್ಕೆ ಹರಡುವಂತಿರಬೇಕು, ಸಾಮಾನ್ಯ ಕಾನೂನಿನಿಂದ ನಿಭಾಯಿಸಲಾಗದ ಮಟ್ಟದ್ದಾಗಿರಬೇಕು ಎಂಬುದು ಅದರ ತಿರುಳು. ಗೂಂಡಾನಿಗೆ ಹೆದರಿ ಒಂದು ಓಣಿಯ ಜನ ಬಾಗಿಲು ಹಾಕಿಕೊಂಡರೆ ಅದಕ್ಕೆ ಬೇರೆ ಸೆಕ್ಷನ್‌ಗಳಿವೆ.

ಜಗತ್ತಿನ ಮಟ್ಟದಲ್ಲಿ ಇಷ್ಟು ಸ್ಪಷ್ಟತೆಯೂ ಇಲ್ಲ. 1934ರಲ್ಲಿ ಯುಗೊಸ್ಲಾವಿಯದ ದೊರೆ ಅಲೆಕ್ಸಾಂಡರ್ ಫ್ರಾನ್ಸಿನಲ್ಲಿ ಹತ್ಯೆಯಾದ ಮೇಲೆ ರಾಷ್ಟ್ರಸಂಘ 1937ರಲ್ಲಿ ಒಂದು ಒಪ್ಪಂದ ತಂದಿತು. ಅದನ್ನು ಅನುಮೋದಿಸಿದ ಏಕೈಕ ದೇಶ ಆಗ ಬ್ರಿಟಿಷರ ಕೈಯಲ್ಲಿದ್ದ ಭಾರತ. ಒಪ್ಪಂದ ಜಾರಿಗೇ ಬರಲಿಲ್ಲ. 1996ರಲ್ಲಿ ಸ್ವತಂತ್ರ ಭಾರತವೇ ವಿಶ್ವಸಂಸ್ಥೆಯಲ್ಲಿ ಸಮಗ್ರ ಒಪ್ಪಂದದ ಕರಡು ಮಂಡಿಸಿತು. ಅದೂ ಇಂದಿಗೂ ಕರಡಾಗಿಯೇ ಉಳಿದಿದೆ. ಪರಕೀಯ ಆಳ್ವಿಕೆಯ ವಿರುದ್ಧ ಹೋರಾಡುವವರನ್ನು ಎಲ್ಲಿ ಇಡಬೇಕು, ಒಂದು ದೇಶದ ಸೇನೆ ನಾಗರಿಕರನ್ನು ಕೊಂದರೆ ಅದನ್ನು ಏನೆಂದು ಕರೆಯಬೇಕು ಎಂಬ ಎರಡು ಪ್ರಶ್ನೆಗಳಲ್ಲಿ ಚರ್ಚೆ ಸಿಕ್ಕಿಕೊಂಡಿದೆ. ತಮಾಷೆಯೆಂದರೆ, 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಭದ್ರತಾ ಮಂಡಳಿ ಹೊರಡಿಸಿದ 1373ನೇ ನಿರ್ಣಯ ಎಲ್ಲ ದೇಶಗಳೂ ಭಯೋತ್ಪಾದನೆಯನ್ನು ಅಪರಾಧವೆಂದು ಸಾರಲೇಬೇಕು ಎನ್ನುತ್ತದೆ. ಭಯೋತ್ಪಾದನೆ ಎಂದರೇನು ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ.

ಪಂಜಾಬಿಗೆ ಹೆಣೆದ ಬಲೆ, ಮಲೆ ಮಹದೇಶ್ವರ ಬೆಟ್ಟದಲ್ಲಿ

ವ್ಯಾಖ್ಯೆ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದವರು ದೂರ ಹೋಗಬೇಕಿಲ್ಲ.

ಟಾಡಾ ಹುಟ್ಟಿದ್ದು 1985ರಲ್ಲಿ, ಪಂಜಾಬ್ ಹೊತ್ತಿ ಉರಿಯುತ್ತಿದ್ದಾಗ. 1987ರಲ್ಲಿ ಅದನ್ನು ಮತ್ತೆ ಹೊಸದಾಗಿ ಜಾರಿ ಮಾಡಲಾಯಿತು. ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಕೋರ್ಟ್ ಸಾಕ್ಷ್ಯವಾಗಿ ಒಪ್ಪಬಹುದಿತ್ತು. ಜಾಮೀನು ಸಿಗುವುದು ಬಹಳ ಕಷ್ಟವಿತ್ತು. ಆಶ್ರಯ ಕೊಟ್ಟವನಿಗೂ ಕನಿಷ್ಠ ಐದು ವರ್ಷ ಜೈಲು. ಪಂಜಾಬಿಗೆಂದು ಹೆಣೆದ ಈ ಬಲೆ ಬೇಗನೆ ಬೇರೆ ರಾಜ್ಯಗಳಿಗೂ ಹರಡಿತು.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಮಂದಿಯನ್ನು ಕೊಂದಿತು. ಸತ್ತವರಲ್ಲಿ ಪೊಲೀಸರೂ ಇದ್ದರು, ಅರಣ್ಯ ಸಿಬ್ಬಂದಿಯೂ ಇದ್ದರು. ದಂತ ಮತ್ತು ಗಂಧದ ಕಳ್ಳಸಾಗಣೆಯವನೊಬ್ಬನನ್ನು ಭಯೋತ್ಪಾದಕ ಎನ್ನಬಹುದೇ ಎಂಬ ವಾದವನ್ನು ಬದಿಗಿಟ್ಟರೂ, ಆ ಕೃತ್ಯದ ಭೀಕರತೆಯಲ್ಲಿ ಸಂಶಯವಿಲ್ಲ. ತೊಡಕು ಶುರುವಾಗಿದ್ದು ನಂತರ. ಕಾರ್ಯಾಚರಣೆಗೆ ಇಳಿದ ಪಡೆಗಳು ಕಾಡಂಚಿನ ಊರುಗಳಿಂದ ನೂರಕ್ಕೂ ಹೆಚ್ಚು ಜನರನ್ನು ಟಾಡಾ ಅಡಿ ಬಂಧಿಸಿದವು. ಹೆಂಗಸರೂ ಇದ್ದರು. ವೀರಪ್ಪನ್‌ಗೆ ನೆರವಾದರು, ದಿನಸಿ ಒದಗಿಸಿದರು ಎಂಬಂಥ ಆರೋಪಗಳು. ರಾತ್ರಿ ಹೊತ್ತು ಬಂದೂಕು ಹಿಡಿದವನೊಬ್ಬ ಗುಡಿಸಲಿನ ಮುಂದೆ ನಿಂತು ರಾಗಿ ಕೇಳಿದರೆ ಕೊಡದೆ ಇರುವುದು ಹೇಗೆ ಎಂಬ ಪ್ರಶ್ನೆಗೆ ಟಾಡಾದಲ್ಲಿ ಜಾಗ ಕಡಿಮೆ.

ಇವರ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು 2000ನೇ ಇಸವಿಯ ಜುಲೈ 30ರಂದು ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದಾಗ. ಅವನ ಬೇಡಿಕೆಗಳಲ್ಲಿ ಈ ಟಾಡಾ ಬಂದಿಗಳ ಬಿಡುಗಡೆಯೂ ಒಂದು. ಕರ್ನಾಟಕ ಸರ್ಕಾರ ಒಪ್ಪಿ ಆರೋಪ ಹಿಂಪಡೆಯಲು ಮುಂದಾಯಿತು. ವೀರಪ್ಪನ್ ಕೈಯಲ್ಲಿ ಹತರಾಗಿದ್ದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ಅಪಹರಣಕಾರನ ಬೆದರಿಕೆಗೆ ಮಣಿದು ಮೊಕದ್ದಮೆ ಕೈಬಿಡುವಂತಿಲ್ಲ ಎಂದು ಕೋರ್ಟ್ ನವೆಂಬರಿನಲ್ಲಿ ತಡೆಯೊಡ್ಡಿತು. ಮಗನನ್ನು ಕಳೆದುಕೊಂಡ ಆ ತಂದೆ ಕೇಳಿದ್ದು ನ್ಯಾಯವೇ. 108 ದಿನಗಳ ನಂತರ ರಾಜ್‌ಕುಮಾರ್ ಬಿಡುಗಡೆಯಾದರು. ಬಂದಿಗಳು ಅಲ್ಲೇ ಉಳಿದರು.

ಮರುವರ್ಷ, 2001ರ ಸೆಪ್ಟೆಂಬರ್‌ನಲ್ಲಿ, ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಿತು. ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳು. ಅಪರಾಧ ಸಾಬೀತಾದವರು ಬೆರಳೆಣಿಕೆಯಷ್ಟು. ಅವರಲ್ಲಿ ನಾಲ್ವರ ಜೀವಾವಧಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆಗೆ ಏರಿಸಿತು, 2014ರಲ್ಲಿ ಕ್ಷಮಾದಾನ ಅರ್ಜಿಯ ವಿಳಂಬದ ಕಾರಣಕ್ಕೆ ಮತ್ತೆ ಜೀವಾವಧಿಗೆ ಇಳಿಸಿತು. ಬಿಡುಗಡೆಯಾದವರಲ್ಲಿ ಹಲವರು ಅಷ್ಟರಲ್ಲಿ ಏಳೆಂಟು ವರ್ಷ ಜೈಲಿನಲ್ಲಿ ಕಳೆದಿದ್ದರು. ಎರಡೂ ರಾಜ್ಯಗಳ ವಿಶೇಷ ಪಡೆಗಳ ದೌರ್ಜನ್ಯದ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ್ದ ನ್ಯಾ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ಆಯೋಗ ಸಂತ್ರಸ್ತರಿಗೆ ಪರಿಹಾರ ಕೊಡುವಂತೆ ಹೇಳಿತು.

ಇಷ್ಟೆಲ್ಲ ಜನ ಒಳಗಿದ್ದ ಆ ವರ್ಷಗಳಲ್ಲಿ ವೀರಪ್ಪನ್ ಹೊರಗೇ ಇದ್ದ. ಅವನು ಹತನಾಗಿದ್ದು 2004ರ ಅಕ್ಟೋಬರಿನಲ್ಲಿ, ತಮಿಳುನಾಡು ವಿಶೇಷ ಪಡೆ ಸುಳಿವು ಕಲೆಹಾಕಿ, ತನ್ನವರನ್ನು ಅವನ ಬಳಿಗೆ ಬಿಟ್ಟು, ಆಂಬುಲೆನ್ಸ್ ಹತ್ತಿಸಿ ಕರೆತಂದು ನಡೆಸಿದ ಕಾರ್ಯಾಚರಣೆಯಲ್ಲಿ. ಟಾಡಾ ಅಷ್ಟರಲ್ಲಿ ಸತ್ತು ಒಂಬತ್ತು ವರ್ಷವಾಗಿತ್ತು. ಮಾನವ ಹಕ್ಕುಗಳ ಆಯೋಗದ ಅಂದಿನ ಅಧ್ಯಕ್ಷ ನ್ಯಾ. ರಂಗನಾಥ ಮಿಶ್ರಾ ಅವರೇ ಸಂಸದರಿಗೆ ಪತ್ರ ಬರೆದು ಅದನ್ನು ಮುಂದುವರಿಸಬೇಡಿ ಎಂದು ಕೋರಿದ್ದರು. 1995ರ ಮೇನಲ್ಲಿ ಅದರ ಅವಧಿ ಮುಗಿಯಿತು.

ಮುಂಬೈ ಕೊಟ್ಟ ಉತ್ತರ

ಸಂಸತ್ತಿನ ಮೇಲಿನ ದಾಳಿಯ ನಂತರ 2002ರಲ್ಲಿ ಬಂದ ಪೋಟಾ ಎರಡೇ ವರ್ಷದಲ್ಲಿ ರದ್ದಾಯಿತು. ಅದರ ಬಹುಪಾಲು ಅಂಶಗಳು 1967ರ ಯುಎಪಿಎ ಕಾಯ್ದೆಯೊಳಗೆ ಸೇರಿಕೊಂಡವು. ಮುಂದಿನ ದೊಡ್ಡ ಪರೀಕ್ಷೆ ಎದುರಾಗಿದ್ದು 2008ರ ನವೆಂಬರ್ 26ರ ರಾತ್ರಿ.

ಸಮುದ್ರದಿಂದ ಬಂದ ಹತ್ತು ಜನ ಸಿಎಸ್‌ಎಂಟಿ, ತಾಜ್, ಒಬೆರಾಯ್, ನಾರಿಮನ್ ಹೌಸ್, ಕಾಮಾ ಆಸ್ಪತ್ರೆಗಳಲ್ಲಿ ನಡೆಸಿದ ದಾಳಿಯಲ್ಲಿ 166 ಜನ ಸತ್ತರು. ತಾಜ್‌ನಲ್ಲಿ ಹುತಾತ್ಮರಾದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದವರು. ಇದು ಭಯೋತ್ಪಾದನೆ ಹೌದೋ ಅಲ್ಲವೋ ಎಂಬ ಪ್ರಶ್ನೆಯೇ ಏಳಲಿಲ್ಲ. ವ್ಯಾಖ್ಯೆಯ ನಡುಭಾಗ ಎಂದರೆ ಇದೇ. ಎಲ್ಲ ಸಂಶಯಗಳೂ ಅಂಚಿನಲ್ಲಿರುತ್ತವೆ.

ತುಕಾರಾಂ ಓಂಬ್ಳೆ ಎಂಬ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಗಿರ್ಗಾಂವ್ ಚೌಪಾಟಿಯಲ್ಲಿ ಗುಂಡುಗಳಿಗೆ ಎದೆಯೊಡ್ಡಿ ಹಿಡಿದುಕೊಟ್ಟ ಅಜ್ಮಲ್ ಕಸಬ್‌ನನ್ನು ಏನು ಮಾಡಬೇಕು? ಅಲ್ಲೇ ನೇಣಿಗೇರಿಸಿ ಎಂಬ ಕೂಗಿತ್ತು. ವಕೀಲರು ಅವನ ಪರ ನಿಲ್ಲಲು ಹಿಂದೇಟು ಹಾಕಿದರು. ನ್ಯಾಯಾಲಯವೇ ವಕೀಲರನ್ನು ನೇಮಿಸಿತು. ಆರ್ಥರ್ ರೋಡ್ ಜೈಲಿನೊಳಗೆ ವಿಶೇಷ ನ್ಯಾಯಾಲಯ ಸೇರಿತು. ಅವನ ಮೇಲಿನ ಮುಖ್ಯ ಆರೋಪಗಳು ಯಾವುವು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಯುಎಪಿಎ ಇತ್ತು, ನಿಜ. ಆದರೆ ಮರಣದಂಡನೆಗೆ ಆಧಾರವಾದವುಗಳಲ್ಲಿ ಹಳೆಯ ಐಪಿಸಿಯ ಕೊಲೆ ಮತ್ತು ದೇಶದ ವಿರುದ್ಧ ಯುದ್ಧ ಸಾರಿದ ಅಪರಾಧಗಳೂ ಇದ್ದವು. ಬ್ರಿಟಿಷರ ಕಾಲದ ಕಾನೂನಿಗೇ ಆ ಕೃತ್ಯವನ್ನು ಹೊರುವ ಶಕ್ತಿಯಿತ್ತು.

2010ರ ಮೇ 3ರಂದು ತೀರ್ಪು ಬಂತು. ಅದೇ ದಿನ ಅದೇ ನ್ಯಾಯಾಧೀಶರು ಇನ್ನೊಂದು ಕೆಲಸವನ್ನೂ ಮಾಡಿದರು. ದಾಳಿಗೆ ನಕ್ಷೆ ಒದಗಿಸಿದ ಆರೋಪ ಹೊತ್ತ ಇಬ್ಬರು ಭಾರತೀಯರನ್ನು ಸಾಕ್ಷ್ಯ ಸಾಲದೆಂದು ಖುಲಾಸೆಗೊಳಿಸಿದರು. ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡೂ ಕಸಬ್‌ನ ಶಿಕ್ಷೆಯನ್ನೂ ಎತ್ತಿಹಿಡಿದವು, ಆ ಖುಲಾಸೆಯನ್ನೂ ಎತ್ತಿಹಿಡಿದವು. ಇಡೀ ದೇಶ ಕುದಿಯುತ್ತಿದ್ದಾಗ ಹೀಗೆ ಬೇರ್ಪಡಿಸಿ ನೋಡುವುದು ಸಣ್ಣ ಮಾತಲ್ಲ. 2012ರ ನವೆಂಬರ್ 21ರಂದು ಪುಣೆಯ ಯೆರವಾಡ ಜೈಲಿನಲ್ಲಿ ಕಸಬ್‌ನನ್ನು ಗಲ್ಲಿಗೇರಿಸಲಾಯಿತು. ಬಂಧನದಿಂದ ಅಲ್ಲಿಗೆ ನಾಲ್ಕು ವರ್ಷ. ಪಾಲಾರ್ ಪ್ರಕರಣದಲ್ಲಿ ನಿರ್ದೋಷಿಗಳೇ ಅದಕ್ಕಿಂತ ಹೆಚ್ಚು ಕಾಲ ಒಳಗಿದ್ದರು.

ಈ ವಿಚಾರಣೆಯಿಂದ ಇನ್ನೊಂದು ಲಾಭವಾಯಿತು. ಕಸಬ್ ತನ್ನ ಪ್ರಜೆ ಎಂದು ಪಾಕಿಸ್ತಾನ 2009ರ ಜನವರಿಯಲ್ಲೇ ಒಪ್ಪಬೇಕಾಗಿ ಬಂದಿತ್ತು. ತೆರೆದ ಕೋರ್ಟಿನಲ್ಲಿ ಪಾಟೀಸವಾಲು ಎದುರಿಸಿ ನಿಂತ ಸಾಕ್ಷ್ಯವನ್ನು ವಿದೇಶಗಳು ಸುಲಭವಾಗಿ ತಳ್ಳಿಹಾಕಲಾರವು. ಪಾಕಿಸ್ತಾನವನ್ನು 2018ರಿಂದ 2022ರವರೆಗೆ ಬೂದು ಪಟ್ಟಿಯಲ್ಲಿಟ್ಟ ಎಫ್‌ಎಟಿಎಫ್ ಒತ್ತಡದ ನಡುವೆಯೇ ಹಫೀಜ್ ಸಯೀದ್‌ಗೆ ಅಲ್ಲಿನ ನ್ಯಾಯಾಲಯ 2020ರಲ್ಲಿ ಹಣಕಾಸು ನೆರವಿನ ಪ್ರಕರಣದಲ್ಲಿ ಶಿಕ್ಷೆ ವಿಧಿಸಿದ್ದು. ಉರಿ, ಪುಲ್ವಾಮಾ, ಪಹಲ್ಗಾಮ್ ನಂತರ ಭಾರತ ಗಡಿಯಾಚೆ ಸೇನಾ ಕ್ರಮವನ್ನೂ ಕೈಗೊಂಡಿದೆ. ಅದು ಭಯೋತ್ಪಾದನೆಯನ್ನು ಸಾಕುವವರಿಗೆ ಕೊಡುವ ಉತ್ತರ, ಅದರ ಲೆಕ್ಕಾಚಾರ ಬೇರೆ.

ಮುಂಬೈ ನಂತರ ಮಾಡಿದ ಕೆಲವು ಕೆಲಸಗಳು ಸುದ್ದಿಯಾಗುವಂಥವಲ್ಲ, ಆದರೆ ಬೇಕಾಗಿದ್ದವು. ಎನ್‌ಎಸ್‌ಜಿ ಕಮಾಂಡೊಗಳು ದಿಲ್ಲಿ ಬಳಿಯಿಂದ ಬಂದು ತಲುಪುವಷ್ಟರಲ್ಲಿ ಬೆಳಗಾಗಿತ್ತು. ಹಾಗಾಗಿ 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗಳಲ್ಲೇ ಅವರ ನೆಲೆಗಳಾದವು. ಕರಾವಳಿ ಕಾವಲು ಬಿಗಿಯಾಯಿತು. ರಾಜ್ಯಗಳ ಗಡಿ ದಾಟಿ ತನಿಖೆ ನಡೆಸಲು ಎನ್‌ಐಎ ಬಂತು.

'ಸಾಧ್ಯತೆ' ಎಂಬ ಪದ

ಅದೇ 2008ರ ಡಿಸೆಂಬರಿನಲ್ಲಿ ಯುಎಪಿಎ ಕೂಡ ಬಿಗಿಯಾಯಿತು. ಆರೋಪಪಟ್ಟಿ ಇಲ್ಲದೆ 180 ದಿನಗಳವರೆಗೆ ಬಂಧನದಲ್ಲಿಡಬಹುದು. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನಿಲ್ಲ. 2019ರಿಂದ ಸಂಘಟನೆಗಳ ಜೊತೆಗೆ ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಸರ್ಕಾರ ಘೋಷಿಸಬಹುದು. ಮೊದಲ ಪಟ್ಟಿಯಲ್ಲಿದ್ದವರು ಮಸೂದ್ ಅಜರ್, ಹಫೀಜ್ ಸಯೀದ್, ಲಖ್ವಿ, ದಾವೂದ್ ಇಬ್ರಾಹಿಂ. ಅವರ ಬಗ್ಗೆ ಯಾರಿಗೂ ತಕರಾರಿಲ್ಲ.

ತಕರಾರಿರುವುದು ವ್ಯಾಖ್ಯೆಯ ಮಾತುಗಳಲ್ಲಿ. ದೇಶದ ಏಕತೆಗೆ, ಭದ್ರತೆಗೆ ಬೆದರಿಕೆ ಒಡ್ಡುವ ಅಥವಾ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶವಿರಬೇಕು ಎನ್ನುತ್ತದೆ 15ನೇ ಸೆಕ್ಷನ್. ಅಲ್ಲಿಗೇ ನಿಲ್ಲದೆ, ಹಾಗಾಗುವ 'ಸಾಧ್ಯತೆ' ಇದ್ದರೂ ಸಾಕು ಎಂದು ಸೇರಿಸುತ್ತದೆ. ಬಾಂಬು, ಬಂದೂಕು, ವಿಷಾನಿಲಗಳನ್ನು ಪಟ್ಟಿ ಮಾಡಿ ಕೊನೆಗೆ 'ಇನ್ನಾವುದೇ ರೀತಿಯ ಸಾಧನ' ಎಂದೂ ಹೇಳುತ್ತದೆ. ಉದ್ದೇಶವನ್ನು ಸಾಬೀತು ಮಾಡಬೇಕಾದ ಹೊರೆ ಅಲ್ಲಿ ಹಗುರಾಗುತ್ತದೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಸಂವಿಧಾನದ ಹಕ್ಕಿನ ಆಧಾರದಲ್ಲಿ ಜಾಮೀನು ಕೊಡಬಹುದು ಎಂದು 2021ರಲ್ಲಿ ಕೆ.ಎ. ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಆರೋಪಿ ಆಗಲೇ ಐದು ವರ್ಷಕ್ಕೂ ಹೆಚ್ಚು ಕಾಲ ವಿಚಾರಣಾಧೀನ ಕೈದಿಯಾಗಿದ್ದ.

ಹೊಸ ಸಂಹಿತೆಯ 113ನೇ ಸೆಕ್ಷನ್ ಹೆಚ್ಚುಕಡಿಮೆ ಇದೇ ವ್ಯಾಖ್ಯೆಯನ್ನು ಎತ್ತಿಕೊಂಡಿದೆ. ಎರಡು ಕಾನೂನುಗಳೂ ಈಗ ಜೊತೆಜೊತೆಗೆ ಇವೆ, ನಡುವೆ ವ್ಯತ್ಯಾಸಗಳೂ ಇವೆ. ಯುಎಪಿಎ ಅಡಿ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳುವ ಮೊದಲು ಸರ್ಕಾರದ ಅನುಮತಿ ಬೇಕು, ಅನುಮತಿಗೂ ಮೊದಲು ಸ್ವತಂತ್ರ ಪ್ರಾಧಿಕಾರವೊಂದು ಸಾಕ್ಷ್ಯವನ್ನು ಪರಿಶೀಲಿಸಬೇಕು. 113ರಲ್ಲಿ ಆ ತಪಾಸಣೆ ಇಲ್ಲ, ಆದರೆ ಯುಎಪಿಎಯ ಜಾಮೀನು ನಿರ್ಬಂಧವೂ ಇಲ್ಲ. ಯಾವ ಪ್ರಕರಣಕ್ಕೆ ಯಾವುದನ್ನು ಹಾಕಬೇಕೆಂದು ತೀರ್ಮಾನಿಸುವವರು ಎಸ್‌ಪಿ ಅಥವಾ ಮೇಲಿನ ದರ್ಜೆಯ ಅಧಿಕಾರಿ. ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬುದನ್ನು ಆ ಸೆಕ್ಷನ್ ಎಲ್ಲೂ ಹೇಳಿಲ್ಲ.